ದೂಡಿದ್ದು ಒಂದೇ ಸಲ

(ಓದು ಪಾಠ. ಸಾಕ್ಷರೋತ್ತರ ಕಲಿಕಾರ್ಥಿಗಳಿಗೆ ಮತ್ತು ತುಲ್ಯತಾ ತರಗತಿಯವರಿಗೆ. ಪಾಠ ಉದ್ದ ಇದೆ. ಪ್ರೇರಕರು ಎರಡು ದಿನ ಮಾಡಿ ಓದಿಸಬಹುದು.)



ಹೋದ ಮಳೆಗಾಲದ ಒಂದು ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಶುರುವಾಗಿತ್ತು. ಬೀಡಿ ಕಟ್ಟಿ ಮುಗಿಸಿ ಬರುವ ಹೆಂಗಸರು, ತೋಟದ ಕೆಲಸ ಬಿಟ್ಟು ಬರುವ ನಾಲ್ಕು ಮಂದಿ ಗಂಡಸರು, ಎಲ್ಲ ಸೇರಿ ಹದಿನಾಲ್ಕು ಜನ. ಒಬ್ಬರು ಅಕ್ಕ ಆ ದಿನ ತಡವಾಗಿ ಬಂದರು. ಬಂದವರು ಕುಳಿತುಕೊಳ್ಳಲಿಲ್ಲ. ಚೀಲದಿಂದ ಮಡಚಿದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಟೀಚರ್, ಇದರಲ್ಲಿ ಎಂತ ಬರ್ದಿದ್ದಾರೆ? ಒಂದು ಓದಿ ಹೇಳಿ. ಕನ್ನಡದಲ್ಲಿ ಇದ್ದಿದ್ರೆ ನಾನೇ ಓದ್ತಿದ್ದೆ."

ಕಾಗದ ಮಲಯಾಳದಲ್ಲಿತ್ತು. ಅದು ಪೊಲೀಸ್ ಸ್ಟೇಶನಿನ ಎಫ್‌ಐಆರ್ ಪ್ರತಿ. ಎಫ್‌ಐಆರ್ ಎಂದರೆ ಪ್ರಥಮ ವರ್ತಮಾನ ವರದಿ. ಒಂದು ಅಪರಾಧ ನಡೆದಿದೆ ಎಂದು ಪೊಲೀಸರು ಮೊದಲು ಬರೆದುಕೊಳ್ಳುವ ಕಾಗದ. ಅದರಲ್ಲಿ ಆರೋಪಿಯ ಜಾಗದಲ್ಲಿ ಅಕ್ಕನ ಮಗನ ಹೆಸರಿತ್ತು.

ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. "ಬೇರೆಯವರ ಮಕ್ಕಳಿಗೆ ಹೀಗೆ ಆಗದೆ ಇರ್ಲಿ, ಬರೀರಿ" ಎಂದವರು ಅವರೇ.

ಆ ರಾತ್ರಿ ನಡೆದದ್ದು

ಅಕ್ಕನ ಗಂಡ ಅಡಿಕೆ ಮರದಿಂದ ಬಿದ್ದರು. ಮಳೆಗೆ ಮರ ಜಾರುತ್ತಿತ್ತು, ಮದ್ದು ಬಿಡಲು ಹತ್ತಿದ್ದರು. ನೆರೆಮನೆಯವರು 108ಕ್ಕೆ ಫೋನ್ ಮಾಡಿದರು. ಮನೆ ಇರುವುದು ಗುಡ್ಡದ ಮೇಲೆ, ದಾರಿಯೆಲ್ಲ ಕೆಸರು. ಆಂಬುಲೆನ್ಸ್ ಬರುವಾಗ ಮುಕ್ಕಾಲು ಗಂಟೆ ಆಯಿತು. ಅಂಗಳದಲ್ಲಿ ಮಲಗಿದವರು ನರಳುತ್ತಿದ್ದರು. ಮಗನಿಗೆ ಇಪ್ಪತ್ತೆರಡು ವರ್ಷ. ಆ ಮುಕ್ಕಾಲು ಗಂಟೆ ಅವನು ರಸ್ತೆಗೂ ಮನೆಗೂ ಓಡಾಡಿದ್ದಾನೆ.

ಆಂಬುಲೆನ್ಸಿನಿಂದ ಒಬ್ಬ ಡ್ರೈವರ್, ಒಬ್ಬ ಗಂಡು ನರ್ಸ್ ಇಳಿದರು. ಬಿದ್ದವರ ಕುತ್ತಿಗೆ ಅಲುಗಾಡಬಾರದು ಎಂದು ನರ್ಸ್ ಪಟ್ಟಿ ಕಟ್ಟಲು ಶುರು ಮಾಡಿದ. ಅಕ್ಕ ಗಂಡನ ಭುಜ ಹಿಡಿದು ಅಳುತ್ತಾ ಕುಳಿತಿದ್ದರು. ನರ್ಸ್ ಜೋರಾಗಿ ಹೇಳಿದ: "ಮಾರಿ ನಿಲ್ಕ್!"

ಮಲಯಾಳದಲ್ಲಿ ಇದಕ್ಕೆ "ಸರಿದು ನಿಲ್ಲಿ" ಎಂದು ಅರ್ಥ. ಅಷ್ಟೇ. ಆದರೆ ನಮ್ಮ ಹುಡುಗನ ಕಿವಿಗೆ ಬಿದ್ದದ್ದು "ಮಾರಿ" ಎಂಬ ಒಂದು ಶಬ್ದ. ಕನ್ನಡದಲ್ಲಿ, ತುಳುವಿನಲ್ಲಿ ಹೆಂಗಸನ್ನು ಮಾರಿ ಎಂದರೆ ಏನೆಂದು ನಿಮಗೆ ಗೊತ್ತು. ಅವನು ಓದಿದ್ದು ಕನ್ನಡ ಶಾಲೆ, ಕೆಲಸ ಮಾಡುವುದು ಪುತ್ತೂರಿನಲ್ಲಿ. ಮಲಯಾಳ ಅರ್ಧಂಬರ್ಧ. ನನ್ನ ಅಮ್ಮನಿಗೆ ಮಾರಿ ಅಂತೀಯಾ ಎಂದು ನರ್ಸಿನ ಎದೆಗೆ ಕೈಕೊಟ್ಟು ದೂಡಿದ. ಒಂದೇ ಸಲ. ನರ್ಸ್ ಜಗಲಿಯ ಮೆಟ್ಟಿಲ ಮೇಲೆ ಬಿದ್ದ. ಮೊಣಕೈ ಒಡೆಯಿತು. ಆಮೇಲೆ ಮೂರು ಹೊಲಿಗೆ ಬಿತ್ತಂತೆ.

ನೆರೆಮನೆಯವರು ನಡುವೆ ಬಂದು ಸಮಾಧಾನ ಮಾಡಿದರು. ಆ ನರ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ರಕ್ತ ಸುರಿಯುವ ಕೈಯಲ್ಲೇ ಅವನು ಪಟ್ಟಿ ಕಟ್ಟಿ ಮುಗಿಸಿ, ಅಕ್ಕನ ಗಂಡನನ್ನು ಆಸ್ಪತ್ರೆ ಮುಟ್ಟಿಸಿದ. ಆದರೂ ಇಪ್ಪತ್ತು ನಿಮಿಷ ಅಂಗಳದಲ್ಲೇ ಹೋಯಿತು. ಮರುದಿನ ಬೆಳಿಗ್ಗೆ ಪೊಲೀಸ್ ಜೀಪು ಬಂತು. ಹುಡುಗ ಹನ್ನೊಂದು ದಿನ ಸಬ್ ಜೈಲಿನಲ್ಲಿದ್ದ.

"ಒಂದು ದೂಡಿದ್ದಕ್ಕೆ ಇಷ್ಟೆಲ್ಲಾ ಉಂಟಾ ಟೀಚರ್?" ಎಂದು ಕೇಳಿದರು ಅಕ್ಕ. ಆ ದಿನ ಲೆಕ್ಕದ ಪಾಠ ಬಿಟ್ಟು ಇದನ್ನೇ ಮಾತಾಡಿದೆವು. ಮರುದಿನವೂ ಮಾತಾಡಿದೆವು.

ದೂಡು ಒಂದೇ, ಶಿಕ್ಷೆ ಬೇರೆ

ಮೊದಲಿಗೆ ಒಂದು ಸಂಗತಿ. ನಮ್ಮ ದೇಶದಲ್ಲಿ ಅಪರಾಧಗಳಿಗೆ ಶಿಕ್ಷೆ ಹೇಳುವ ದೊಡ್ಡ ಕಾನೂನು ಹಿಂದೆ ಭಾರತೀಯ ದಂಡ ಸಂಹಿತೆ ಎಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಂಬರುಗಳೆಲ್ಲ ಬದಲಾಗಿವೆ. ಮೊದಲು "353 ಹಾಕಿದ್ದಾರೆ" ಎಂದು ಜನ ಹೇಳುತ್ತಿದ್ದ ಕೇಸು ಈಗ ಕಲಂ 132. ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ನಂಬರೇ. ಕಲಂ ಎಂದರೆ ಸೆಕ್ಷನ್.

ಈಗ ಹೋಲಿಸಿ ನೋಡಿ. ಬೇಲಿ ಜಗಳದಲ್ಲಿ ನೆರೆಮನೆಯವನ ಎದೆಗೆ ಕೈಕೊಟ್ಟು ದೂಡಿದಿರಿ, ಅವನಿಗೆ ಗಾಯ ಆಗಲಿಲ್ಲ ಎನ್ನೋಣ. ಕಲಂ 131ರ ಪ್ರಕಾರ ಹೆಚ್ಚೆಂದರೆ 3 ತಿಂಗಳು ಜೈಲು, ಇಲ್ಲವೆ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕೆಲಸದಲ್ಲಿರುವ ಪೊಲೀಸನನ್ನು ಅವನ ಕೆಲಸ ತಡೆಯಲಿಕ್ಕಾಗಿ ಅದೇ ರೀತಿ ದೂಡಿದರೆ ಕಲಂ 132. ಹೆಚ್ಚೆಂದರೆ 2 ವರ್ಷ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ.

ಗಾಯವಾದರೆ? ನೆರೆಮನೆಯವನಿಗೆ ಬೇಕೆಂದೇ ಸಣ್ಣ ಗಾಯ ಮಾಡಿದರೆ 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕೆಲಸದಲ್ಲಿರುವ ಸರ್ಕಾರಿ ನೌಕರನಿಗೆ ಮಾಡಿದರೆ ಕಲಂ 121, ಜೈಲು 5 ವರ್ಷದವರೆಗೆ. ಹಳೆಯ ಕಾನೂನಿನಲ್ಲಿ ಇದು 3 ವರ್ಷ ಇತ್ತು. ಮೂಳೆ ಮುರಿದರೆ, ಹಲ್ಲು ಹೋದರೆ, ಕಣ್ಣು ಕಿವಿ ಹಾಳಾದರೆ, ಹದಿನೈದು ದಿನ ತೀವ್ರವಾಗಿ ನೋವು ತಿಂದರೆ ಅದನ್ನು "ತೀವ್ರ ಗಾಯ" ಎನ್ನುತ್ತಾರೆ. ಅದಕ್ಕೆ ಕಡಿಮೆ ಎಂದರೆ 1 ವರ್ಷ, ಹೆಚ್ಚೆಂದರೆ 10 ವರ್ಷ ಜೈಲು, ಜೊತೆಗೆ ದಂಡ. ಹಲ್ಲು ಕೂಡ ಈ ಪಟ್ಟಿಯಲ್ಲಿ ಇದೆ ಎಂದಾಗ ನಮ್ಮ ತರಗತಿಯಲ್ಲಿ ಎಲ್ಲರೂ ಒಮ್ಮೆ ಬಾಯಿ ಮುಟ್ಟಿ ನೋಡಿಕೊಂಡರು!

ಮುಟ್ಟಲೇಬೇಕೆಂದೂ ಇಲ್ಲ. ಈಗ ಹೊಡೆಯುತ್ತಾನೆ ಎಂದು ಎದುರಿನವನಿಗೆ ಹೆದರಿಕೆ ಆಗುವ ಹಾಗೆ ಕೈ ಎತ್ತಿದರೆ, ಕತ್ತಿ ಬೀಸಿದರೆ, ಕಲ್ಲು ಹಿಡಿದು ಮುಂದೆ ಬಂದರೆ ಅದೂ ಕಾನೂನಿನಲ್ಲಿ ಹಲ್ಲೆಯೇ. ಬರೇ ಮಾತು ಹಲ್ಲೆ ಅಲ್ಲ. ಬೈಗುಳಕ್ಕೆ ಬೇರೆ ಕಲಂಗಳಿವೆ, ಅದು ಇವತ್ತಿನ ಪಾಠವಲ್ಲ. ಕೈ ಮಾಡದೆ ಬರೇ ದಾರಿಗೆ ಅಡ್ಡ ನಿಂತು ಸರ್ಕಾರಿ ಕೆಲಸ ತಡೆದರೆ ಕಲಂ 221. ಅದಕ್ಕೆ 3 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ.

ತೋಟದ ಕೆಲಸದ ಒಬ್ಬರು ಅಣ್ಣ ಕೇಳಿದರು, "ಸರ್ಕಾರಿ ನೌಕರ ಅಂದ್ರೆ ಪೊಲೀಸ್ ಮಾತ್ರವಾ?" ಅಲ್ಲ. ಅಗ್ನಿಶಾಮಕ ದಳದವರು, ಫಾರೆಸ್ಟ್ ಗಾರ್ಡ್, ವಿಲ್ಲೇಜ್ ಆಫೀಸಿನವರು, ಕರೆಂಟಿನ ಲೈನ್‌ಮ್ಯಾನ್, ಕೆಎಸ್‌ಆರ್‌ಟಿಸಿ ಬಸ್ಸಿನ ಕಂಡಕ್ಟರ್, ಎಲ್ಲರೂ ಸೇರುತ್ತಾರೆ. ಆದರೆ ಕೆಲಸದ ಸಂಬಂಧ ಇರಬೇಕು. ಪೊಲೀಸ್ ಒಬ್ಬರು ರಜೆಯಲ್ಲಿ ಮನೆಗೆ ಬಂದು ಬೇಲಿಯ ವಿಷಯಕ್ಕೆ ನಿಮ್ಮ ಜೊತೆ ಜಗಳ ಮಾಡಿದರೆ ಅದು ಎರಡು ಮನೆಯವರ ಜಗಳ ಮಾತ್ರ. ಅವರು ಹಿಂದೆ ಹಾಕಿದ ಕೇಸಿನ ಸೇಡಿಗೆ ರಜೆಯ ದಿನ ಹಿಡಿದು ಹೊಡೆದರೆ ಆಗ 121 ಬರುತ್ತದೆ.

ಆಸ್ಪತ್ರೆ ಮತ್ತು ಆಂಬುಲೆನ್ಸಿಗೆ ಬೇರೆಯೇ ಕಾನೂನು

108ರಲ್ಲಿ ಬರುವವರು ಸರ್ಕಾರದ ಸಂಬಳದವರೇ ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆಗೆ ಇಲ್ಲಿ ಹೆಚ್ಚು ಬೆಲೆ ಇಲ್ಲ. ಯಾಕೆಂದರೆ ಕೇರಳದಲ್ಲಿ ಆರೋಗ್ಯ ಕೆಲಸದವರ ರಕ್ಷಣೆಗೆಂದೇ 2012ರ ಒಂದು ಕಾಯ್ದೆ ಇದೆ. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡಕ್ಕೂ ಅದು ಒಂದೇ. ಮೊದಲು ಅದರಲ್ಲಿ ಶಿಕ್ಷೆ 3 ವರ್ಷದವರೆಗೆ, ದಂಡ 50,000 ರೂಪಾಯಿವರೆಗೆ ಇತ್ತು.

ಅದು ಬಿಗಿಯಾದದ್ದು ಒಂದು ಸಾವಿನಿಂದ. 2023ರ ಮೇ 10ರ ಬೆಳಗಿನ ಜಾವ. ಕೊಲ್ಲಂ ಜಿಲ್ಲೆಯ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಗೆ ಪೊಲೀಸರು ಗಾಯಗೊಂಡ ಒಬ್ಬನನ್ನು ಚಿಕಿತ್ಸೆಗೆ ಕರೆತಂದರು. ಗಾಯಕ್ಕೆ ಮದ್ದು ಹಾಕುವಾಗ ಅವನು ಅಲ್ಲಿದ್ದ ಕತ್ತರಿ ತೆಗೆದು ಇರಿಯಲು ಶುರು ಮಾಡಿದ. ಪೊಲೀಸರಿಗೂ ಗಾಯವಾಯಿತು. ಹೌಸ್ ಸರ್ಜನ್ ಆಗಿದ್ದ ಡಾ. ವಂದನಾ ದಾಸ್ ತೀರಿಕೊಂಡರು. ಹೌಸ್ ಸರ್ಜನ್ ಎಂದರೆ ಡಾಕ್ಟರ್ ಓದು ಮುಗಿಸುವ ಹಂತದಲ್ಲಿ ಆಸ್ಪತ್ರೆಯಲ್ಲೇ ಕೆಲಸ ಕಲಿಯುವವರು. ಕೇರಳದ ಡಾಕ್ಟರುಗಳೆಲ್ಲ ಮುಷ್ಕರ ಮಾಡಿದರು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು.

ಈಗ ಆರೋಗ್ಯ ಕೆಲಸದವರ ಮೇಲೆ ಕೈ ಮಾಡಿದರೆ ಕಡಿಮೆ ಎಂದರೆ 6 ತಿಂಗಳು, ಹೆಚ್ಚೆಂದರೆ 5 ವರ್ಷ ಜೈಲು. ದಂಡ 50,000ದಿಂದ 2 ಲಕ್ಷ ರೂಪಾಯಿ. ತೀವ್ರ ಗಾಯವಾದರೆ 1 ವರ್ಷದಿಂದ 7 ವರ್ಷ ಜೈಲು, ದಂಡ 1 ಲಕ್ಷದಿಂದ 5 ಲಕ್ಷ. ಕೈ ಮಾಡಿದವನಿಗೆ ಮಾತ್ರ ಅಲ್ಲ, "ಹಾಕು ಅವನಿಗೆ" ಎಂದು ಹಿಂದಿನಿಂದ ಕೂಗಿ ಪ್ರಚೋದನೆ ಕೊಟ್ಟವನಿಗೂ ಇದೇ ಶಿಕ್ಷೆ. ರಕ್ಷಣೆ ಯಾರಿಗೆಲ್ಲ? ಡಾಕ್ಟರ್, ನರ್ಸ್ ಮೊದಲೇ ಇದ್ದರು. 2023ರಲ್ಲಿ ಆಂಬುಲೆನ್ಸ್ ಡ್ರೈವರ್, ಸಹಾಯಕರು, ಆಸ್ಪತ್ರೆಯ ಸೆಕ್ಯೂರಿಟಿಯವರು, ಪಾರಾಮೆಡಿಕಲ್ ವಿದ್ಯಾರ್ಥಿಗಳು ಕೂಡ ಸೇರಿದರು. ತನಿಖೆ ಮಾಡುವುದು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರು, ಅದೂ 60 ದಿನದೊಳಗೆ ಮುಗಿಸಬೇಕು.

"ಕಡಿಮೆ ಎಂದರೆ" ಎಂಬ ಮಾತನ್ನು ಇನ್ನೊಮ್ಮೆ ಓದಿ. ತಪ್ಪು ಸಾಬೀತಾದರೆ ನ್ಯಾಯಾಧೀಶರಿಗೆ ಪಾಪ ಅನಿಸಿದರೂ ಅದಕ್ಕಿಂತ ಕೆಳಗೆ ಇಳಿಯಲಿಕ್ಕಿಲ್ಲ. ಕೂಲಿ ಕೆಲಸದ ಮನೆಗೆ 50,000 ರೂಪಾಯಿ ದಂಡ ಎಂದರೆ ಎಷ್ಟು ದಿನದ ಸಂಬಳ? ಅಕ್ಕನ ಬೀಡಿ ಲೆಕ್ಕದಲ್ಲಿ ನಾವು ಬೋರ್ಡಿನಲ್ಲಿ ಗುಣಿಸಿ ನೋಡಿದೆವು. ಆ ಸಂಖ್ಯೆ ಬರೆದು ಮುಗಿಸಿದಾಗ ಯಾರೂ ಮಾತಾಡಲಿಲ್ಲ.

ನಮ್ಮಲ್ಲಿ ಬಹಳ ಜನ ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೆ ಹೋಗುವವರು. ತಲಪಾಡಿ ದಾಟಿದ ಮೇಲೆ ಕೇರಳದ ಕಾಯ್ದೆ ನಡೆಯುವುದಿಲ್ಲ, ಆದರೆ ಬಿಡುಗಡೆಯೂ ಇಲ್ಲ. ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಗೆ ಕರ್ನಾಟಕದಲ್ಲಿ 2009ರಿಂದ ಬೇರೆ ಕಾಯ್ದೆ ಇದೆ. ನ್ಯಾಯ ಸಂಹಿತೆಯ 121, 132 ಎರಡೂ ಕಡೆ ಒಂದೇ. ಆಂಬುಲೆನ್ಸಿಗೆ, ಫೈರ್ ಇಂಜಿನಿಗೆ ದಾರಿ ಬಿಡದ ವಾಹನದವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರಿಂದ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇದೆ. ಜೀಪು, ರಿಕ್ಷಾ ಓಡಿಸುವವರು ಇದನ್ನು ನೆನಪಿಡಿ.

ಜಾಮೀನು, ರಾಜಿ, ಪಾಸ್‌ಪೋರ್ಟ್

ಅಕ್ಕನಿಗೆ ಯಾರೋ ಹೇಳಿದ್ದರಂತೆ, "ಇದು ಜಾಮೀನು ಇಲ್ಲದ ಕೇಸು, ಇನ್ನು ಮಗ ಹೊರಗೆ ಬರುವುದಿಲ್ಲ." ಅವರು ಎರಡು ದಿನ ಊಟ ಬಿಟ್ಟರು. ಇಂಥ ಅರೆಬರೆ ಮಾತು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಜಾಮೀನುರಹಿತ ಅಪರಾಧ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದಲ್ಲ. ಹಕ್ಕಿನಿಂದ ಸ್ಟೇಶನಿನಲ್ಲೇ ಕೇಳಿ ಪಡೆಯಲು ಆಗುವುದಿಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು, ಕೊಡುವುದು ಬಿಡುವುದು ಕೋರ್ಟಿನ ತೀರ್ಮಾನ ಎಂದರ್ಥ. ಕಲಂ 132, ಕಲಂ 121, ಆರೋಗ್ಯ ಕೆಲಸದವರ ಕಾಯ್ದೆ, ಮೂರೂ ಈ ಜಾತಿಯವು. ಆ ಹುಡುಗನಿಗೆ ಹನ್ನೊಂದು ದಿನದ ಮೇಲೆ ಜಾಮೀನು ಸಿಕ್ಕಿತು.

"ಹೋಗಿ ಕೈಮುಗಿದು ಕ್ಷಮೆ ಕೇಳಿದ್ರೆ ಮುಗೀತದಲ್ವಾ?" ಎಂದು ಇನ್ನೊಬ್ಬರು ಕೇಳಿದರು. ಹುಡುಗ ಕ್ಷಮೆ ಕೇಳಿದ್ದಾನೆ. ನರ್ಸ್ "ಸಾರ ಇಲ್ಲ" ಎಂದು ಮಲಯಾಳದಲ್ಲೇ ಹೇಳಿದನಂತೆ. ಪರವಾಗಿಲ್ಲ ಎಂದು ಅದರ ಅರ್ಥ. ಆದರೂ ಕೇಸು ಮುಗಿಯಲಿಲ್ಲ. 132, 121 ಇವು ಇಬ್ಬರು ಕೂತು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳಲ್ಲ. ಕೇಸು ನಡೆಸುವುದು ಸರ್ಕಾರ. ರದ್ದು ಮಾಡಬೇಕಾದರೆ ಹೈಕೋರ್ಟಿಗೆ ಹೋಗಬೇಕು, ಅಲ್ಲೂ ಎಲ್ಲ ಕೇಸಿಗೆ ಒಪ್ಪುವುದಿಲ್ಲ.

ಜೈಲಿಗಿಂತ ಆ ಮನೆಗೆ ಹೆಚ್ಚು ಪೆಟ್ಟು ಕೊಟ್ಟದ್ದು ಇನ್ನೊಂದು. ಹುಡುಗನಿಗೆ ಗಲ್ಫಿನ ಒಂದು ಅಂಗಡಿಯಲ್ಲಿ ಕೆಲಸ ಗೊತ್ತಾಗಿತ್ತು. ನಮ್ಮ ಜಿಲ್ಲೆಯಲ್ಲಿ ಗಲ್ಫಿನ ಕಡೆ ಮುಖ ಮಾಡದ ಮನೆ ಎಷ್ಟುಂಟು? ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ಕೊಡದೆ ಇರಬಹುದು ಎಂದು ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಇದೆ. ಕೋರ್ಟಿನ ಅನುಮತಿ ತಂದರೆ ದಾರಿ ಇದೆ, ಆದರೆ ಅದಕ್ಕೆ ವಕೀಲರು, ಸಮಯ, ಹಣ ಬೇಕು. ಕೆಲಸ ಕೊಡುವವರು ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅಲ್ಲೂ ಈ ಕೇಸು ಕಾಣಿಸುತ್ತದೆ. ಕೆಲಸ ಕಾಯಲಿಲ್ಲ. ಬೇರೆಯವರು ಹೋದರು.

ಹಾಗಾದರೆ ಪೊಲೀಸರು ಹೊಡೆದರೆ?

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ತರಗತಿಯಲ್ಲಿ ಹಿರಿಯರೊಬ್ಬರು ಕೇಳಿದರು. "ನಮಗೆ ಮಾತ್ರ ಇಷ್ಟೆಲ್ಲ ಪಾಠ. ಅವರು ನಮಗೆ ಹಾಕಿದ್ರೆ ಯಾರು ಕೇಳ್ತಾರೆ?"

ಕೆಲಸದಲ್ಲಿರುವವರ ಮೇಲೆ ಕೈ ಮಾಡಿದರೆ ಹೆಚ್ಚು ಶಿಕ್ಷೆ ಇರುವುದು ನನಗೆ ಸರಿ ಅನಿಸುತ್ತದೆ. ಬೆಂಕಿ ಆರಿಸಲು ಬಂದವನು ಜಗಳ ಬೇಡ ಎಂದು ಬಿಟ್ಟು ಹೋಗುವ ಹಾಗಿಲ್ಲ, ಅವನು ಅಲ್ಲೇ ನಿಲ್ಲಬೇಕು. ಆದರೆ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಈ ಕಲಂ ಹಾಕಿಬಿಡುವುದೂ ಉಂಟು. ಅದಕ್ಕೇ ಇದನ್ನೂ ಕಲಿಯಿರಿ: ಹೆಸರು ಕೇಳುವುದು, ಯಾಕೆ ಎಂದು ಕೇಳುವುದು, ದೂರು ಕೊಡುತ್ತೇನೆ ಎನ್ನುವುದು ಹಲ್ಲೆ ಅಲ್ಲ.

ಪೊಲೀಸರು ತಮ್ಮ ಕೆಲಸ ಎಂದು ಪ್ರಾಮಾಣಿಕವಾಗಿ ನಂಬಿ ಮಾಡುವ ಕೆಲಸ, ಅದು ಪೂರ್ತಿ ಕಾನೂನು ಪ್ರಕಾರ ಇಲ್ಲದಿದ್ದರೂ, ಆ ಹೊತ್ತಿನಲ್ಲಿ ಕೈ ಮಾಡಿ ತಡೆಯುವ ಹಕ್ಕು ನಮಗಿಲ್ಲ. ಜೀವ ಹೋಗುತ್ತದೆ ಅಥವಾ ತೀವ್ರ ಗಾಯವಾಗುತ್ತದೆ ಎಂದು ಹೆದರಲು ನಿಜವಾದ ಕಾರಣ ಇದ್ದರೆ ಮಾತ್ರ ಆತ್ಮರಕ್ಷಣೆಯ ಹಕ್ಕು ಇದೆ. ಉಳಿದದ್ದನ್ನೆಲ್ಲ ಆಮೇಲೆ, ಕಾಗದದಲ್ಲಿ ಕೇಳಬೇಕು. ಇದು ಕಷ್ಟದ ಮಾತು. ನನಗೂ ಗೊತ್ತು.

ಆ "ಆಮೇಲೆ" ಎಂಬುದಕ್ಕೆ ಕಾನೂನಿನಲ್ಲಿ ಜಾಗ ಇದೆ. ತಪ್ಪೊಪ್ಪಿಗೆ ಹೇಳಿಸಲು ಹೊಡೆದರೆ ಹೊಡೆದವರಿಗೆ 7 ವರ್ಷದವರೆಗೆ, ತೀವ್ರ ಗಾಯ ಮಾಡಿದರೆ 10 ವರ್ಷದವರೆಗೆ ಜೈಲು. ಅದು ಕಲಂ 120, ಪೊಲೀಸರಿಗೂ ಅದೇ. ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧನದ ಕಾಗದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ಮೈಮೇಲಿನ ಗಾಯ ಪರೀಕ್ಷಿಸಿ ಬರೆಯಬೇಕು. ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಇದನ್ನೆಲ್ಲ ಹೇಳಿದೆ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಎದುರು ನಿಂತಾಗ ಬಾಯಿಬಿಟ್ಟು ಹೇಳಬೇಕು, ಗಾಯ ತೋರಿಸಬೇಕು. ಅಲ್ಲಿ ಸುಮ್ಮನೆ ನಿಂತರೆ ಆಮೇಲೆ ನಂಬಿಸುವುದು ಕಷ್ಟ. ಪೊಲೀಸರ ಮೇಲಿನ ದೂರು ಕೇಳಲೆಂದೇ ಕೇರಳದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಕೂಡ ಇದೆ.

ನಮಗೆ, ಅಂದರೆ ಗಡಿಯ ಈಚೆಗೆ ಇರುವ ಕನ್ನಡದವರಿಗೆ, ತುಂಬಾ ಬೇಕಾದ ಒಂದು ತೀರ್ಪು 2025ರ ನವೆಂಬರಿನಲ್ಲಿ ಬಂತು. ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೂಡಲೇ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ತರುವ ಎರಡು ಗಂಟೆ ಮೊದಲಾದರೂ ಕಾಗದ ಕೊಡಬೇಕು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಮಾತು ಆರೋಪಿಗೆ ಅರ್ಥವಾಗದಿದ್ದರೆ ಅದನ್ನು ಅವನ ಭಾಷೆಗೆ ತಿಳಿಸಿ ಹೇಳಬೇಕೆಂದು ಕಾನೂನಿನಲ್ಲಿ ಹಿಂದಿನಿಂದಲೇ ಇದೆ. "ಎನಿಕ್ ಮಲಯಾಳಂ ಅರಿಯಿಲ್ಲ, ಕನ್ನಡದಲ್ಲಿ ಹೇಳಿ" ಎನ್ನಲು ನಾಚಿಕೆ ಬೇಡ. ಅರ್ಥವಾಗದೆ ತಲೆ ಆಡಿಸಬೇಡಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ನಾವು ಇಲ್ಲಿ ಸಹಿ ಕಲಿತದ್ದು ಕಂಡಕಂಡಲ್ಲಿ ಹಾಕಲಿಕ್ಕಲ್ಲ.

ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ಅಕ್ಕನ ಮಗನಿಗೆ ಜಾಮೀನು ಅರ್ಜಿ ಹಾಕಿದ್ದೂ ಅಂಥ ಒಬ್ಬರು ವಕೀಲರೇ.

ಆ ರಾತ್ರಿ ಬರೆಯಬಹುದಾಗಿದ್ದ ಕಾಗದ

ಆಂಬುಲೆನ್ಸ್ ತಡವಾದದ್ದು ನಿಜ. ಅಮ್ಮನಿಗೆ ಒರಟಾಗಿ ಹೇಳಿದ ಎಂದು ಅವನಿಗೆ ಅನಿಸಿದ್ದೂ ನಿಜ. ಈ ಎರಡನ್ನೂ ಹೇಳಲು ಒಂದು ಹಾಳೆ ಸಾಕಿತ್ತು. ಕಾಸರಗೋಡಿನಂಥ ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಮರುದಿನ ತರಗತಿಯಲ್ಲಿ ಎಲ್ಲರೂ ಸೇರಿ ಹೀಗೆ ಬರೆದೆವು. ಬೋರ್ಡಿನಲ್ಲಿ ಬರೆದವರು ಅಕ್ಕನೇ.

"ಜಿಲ್ಲಾ ವೈದ್ಯಾಧಿಕಾರಿಯವರಿಗೆ. ಮಾನ್ಯರೇ, ನಿನ್ನೆ ರಾತ್ರಿ 7 ಗಂಟೆಗೆ ನನ್ನ ಗಂಡ ಮರದಿಂದ ಬಿದ್ದರು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ 7 ಗಂಟೆ 45 ನಿಮಿಷಕ್ಕೆ ಬಂತು. ಬಂದವರು ಮಲಯಾಳದಲ್ಲಿ ಹೇಳಿದ್ದು ನಮಗೆ ಅರ್ಥವಾಗಲಿಲ್ಲ. ಅದರಿಂದ ತಪ್ಪು ತಿಳುವಳಿಕೆ ಆಯಿತು. ನಮ್ಮ ಊರಿನ ಕಡೆಗೆ ಕನ್ನಡ ಅಥವಾ ತುಳು ಬಲ್ಲ ಒಬ್ಬರನ್ನು ಆಂಬುಲೆನ್ಸಿನಲ್ಲಿ ಕಳುಹಿಸಬೇಕು. ತಡವಾದ ಕಾರಣ ನಮಗೆ ತಿಳಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಇತಿ ತಮ್ಮ ವಿಶ್ವಾಸಿ."

ಕಾಗದದಲ್ಲಿ ದಿನಾಂಕ, ಗಂಟೆ, ಜಾಗ ಬರೆಯಲು ಮರೆಯಬೇಡಿ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಸೀಲು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಕ್ಕ ಬೋರ್ಡಿನ ಕಾಗದವನ್ನು ಆಮೇಲೆ ಹಾಳೆಯಲ್ಲಿ ಬರೆದು ದಿನಾಂಕ ಸರಿಮಾಡಿ ನಿಜವಾಗಿಯೂ ಕಳುಹಿಸಿದರು. ಗಂಡ ಈಗ ಊರುಗೋಲು ಹಿಡಿದು ನಡೆಯುತ್ತಾರೆ. ಮಗನ ಕೇಸು ಇನ್ನೂ ಕೋರ್ಟಿನಲ್ಲಿದೆ. ಅವನು ಈಗ ರಾತ್ರಿ ತರಗತಿಗೆ ಬರುತ್ತಿದ್ದಾನೆ, ಮಲಯಾಳ ಅಕ್ಷರ ಕಲಿಯಲು.

ಹೊಸ ಪದಗಳು

ಆರೋಪಿ: ತಪ್ಪು ಮಾಡಿದ್ದಾನೆ ಎಂದು ದೂರು ಇರುವವನು. ತಪ್ಪು ಇನ್ನೂ ಸಾಬೀತಾಗಿಲ್ಲ.
ಹಲ್ಲೆ: ಹೊಡೆಯುವುದು, ದೂಡುವುದು ಅಥವಾ ಈಗ ಹೊಡೆಯುತ್ತಾನೆ ಎಂದು ಹೆದರಿಕೆ ಆಗುವ ಹಾಗೆ ಕೈ ಎತ್ತುವುದು.
ಸುಗ್ರೀವಾಜ್ಞೆ: ಶಾಸನಸಭೆ ಸೇರದ ಸಮಯದಲ್ಲಿ ಸರ್ಕಾರ ತುರ್ತಾಗಿ ತರುವ ಕಾನೂನು.
ರಾಜಿ: ಎರಡು ಕಡೆಯವರು ಒಪ್ಪಿ ಜಗಳ ಮುಗಿಸುವುದು.

ಓದಿ, ಮಾತಾಡಿ, ಬರೆಯಿರಿ

1. "ಜಾಮೀನುರಹಿತ" ಎಂಬುದನ್ನು ನಿಮ್ಮ ಮನೆಯವರಿಗೆ ಹೇಗೆ ತಿಳಿಸಿ ಹೇಳುತ್ತೀರಿ? ಎರಡು ವಾಕ್ಯ ಬರೆಯಿರಿ.
2. ಬಸ್ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ. ನೀವು ಏನು ಮಾಡಬಹುದು? ಏನು ಮಾಡಬಾರದು? ಇಬ್ಬರು ಎದ್ದು ನಿಂತು ಮಾತಾಡಿ ತೋರಿಸಿ.
3. ಒಂದು ದಿನಕ್ಕೆ ನಿಮ್ಮ ಸಂಪಾದನೆ ಎಷ್ಟು? 50,000 ರೂಪಾಯಿಗೆ ಎಷ್ಟು ದಿನ ಕೆಲಸ ಮಾಡಬೇಕು? ಲೆಕ್ಕ ಮಾಡಿ.
4. ಕನ್ನಡದಲ್ಲಿ ಒಂದು ಅರ್ಥ, ಮಲಯಾಳದಲ್ಲಿ ಇನ್ನೊಂದು ಅರ್ಥ ಇರುವ ಮೂರು ಶಬ್ದ ಬರೆದು ತನ್ನಿ. ಮುಂದಿನ ತರಗತಿಯಲ್ಲಿ ಗೋಡೆಗೆ ಅಂಟಿಸೋಣ.